ಹಳೇ ಜೀಪು, ಎಲ್‌ಇಡಿ ದೀಪ: ಬೆಳಕು ಎಲ್ಲಿ ಬೀಳಬೇಕು?

ಹಳೇ ಜೀಪಿನ ಹೆಡ್‌ಲೈಟು ಮಂಕಾಗಿದೆ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪರಿಹಾರ ಒಂದೇ: ಎಲ್‌ಇಡಿ ಹಾಕಿಸಿ. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆ ತೋಟದ ಕೆಲಸಕ್ಕೆ ಓಡುವ ಎಷ್ಟೋ ಮಹೀಂದ್ರ ಎಂಎಂ 540, ಮೇಜರ್, ಮಾರುತಿ ಜಿಪ್ಸಿಗಳು ಈಗಾಗಲೇ ಬೆಳ್ಳನೆಯ ಬೆಳಕು ಚೆಲ್ಲುತ್ತಿವೆ. ಹಾಕಿಸಿಕೊಂಡವರಲ್ಲಿ ಕೆಲವರಿಗೆ ನಿಜಕ್ಕೂ ರಸ್ತೆ ಕಾಣಿಸುತ್ತಿದೆ. ಉಳಿದವರಿಗೆ ಕಾಣಿಸುವುದು ಬಂಪರಿನ ಮುಂದಿನ ನಾಲ್ಕು ಮಾರು ನೆಲ, ಅದು ಬಿಟ್ಟರೆ ಸಿಲ್ವರ್ ಮರಗಳ ತುದಿ. ಇಬ್ಬರೂ ಖರ್ಚು ಮಾಡಿದ ದುಡ್ಡು ಹೆಚ್ಚುಕಮ್ಮಿ ಒಂದೇ ಇದ್ದರೂ ಇರಬಹುದು. ಬೆಳಕು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿಗೆ ಹೋಗಿ ಬೀಳುತ್ತಿದೆ ಅನ್ನುವುದೇ ಇಲ್ಲಿ ಮುಖ್ಯ.

ದೀಪದ ಅಳತೆಯ ವಿಷಯದಲ್ಲಿ ಈ ಗಾಡಿಗಳಿಗೆ ಒಂದು ಅದೃಷ್ಟವಿದೆ. ಅಮೆರಿಕದಲ್ಲಿ 1940ರಿಂದ ಕಾರುಗಳಿಗೆಲ್ಲ ಏಳು ಇಂಚಿನ ದುಂಡನೆಯ ಸೀಲ್ಡ್ ಬೀಮ್ ದೀಪ ನಿಗದಿಯಾಯಿತು. ಗಾಜು, ಕನ್ನಡಿ, ಫಿಲಮೆಂಟು ಎಲ್ಲವೂ ಒಂದೇ ಉಂಡೆಯೊಳಗೆ. ಕೆಟ್ಟರೆ ಇಡಿಯಾಗಿ ಎಸೆಯುವುದು. ನಾಗರಿಕ ಬಳಕೆಯ ವಿಲ್ಲೀಸ್ ಜೀಪಿಗೆ ಅದೇ ಬಂತು, ವಿಲ್ಲೀಸ್ ನಕ್ಷೆಯಲ್ಲೇ ಬೆಳೆದ ಮಹೀಂದ್ರ ಜೀಪುಗಳಿಗೂ ಅದೇ ಅಳತೆ ಉಳಿಯಿತು. ಅಂಬಾಸಿಡರ್ ಕಾರಿಗೆ, ಜಿಪ್ಸಿಗೆ, 2010ರಲ್ಲಿ ಬಂದ ಮೊದಲ ಥಾರ್‌ಗೆ ಕೂಡ ಏಳು ಇಂಚೇ. ಅಮೆರಿಕದ ರ‍್ಯಾಂಗ್ಲರ್ ಜೀಪುಗಳಿಗೂ ಹಾರ್ಲೆ ಬೈಕುಗಳಿಗೂ ಇದೇ ಅಳತೆ ಇದ್ದುದರಿಂದ ಏಳು ಇಂಚಿನ ಎಲ್‌ಇಡಿ ದೀಪಗಳು ಇಂದು ಮಾರುಕಟ್ಟೆಯಲ್ಲಿ ರಾಶಿ ಬಿದ್ದಿವೆ. ಬಾಡಿ ಕೊಯ್ಯದೆ, ಗ್ರಿಲ್ ಬದಲಿಸದೆ ಕೂರಿಸಬಹುದು. ಇದೇ ರಾಶಿ ತಲೆನೋವಿಗೂ ಕಾರಣ, ಅದನ್ನು ಮುಂದೆ ಹೇಳುತ್ತೇನೆ.

ದೀಪ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಕೂರಬೇಕು. ಹಳೇ ಜೀಪಿನಲ್ಲಿ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಕ್ಲಚ್ ಪೆಡಲಿನ ಪಕ್ಕ ಕಾಲಿನಿಂದ ಒತ್ತುವ ಡಿಮ್ಮರ್ ಸ್ವಿಚ್ಚಿಗೆ, ಅಲ್ಲಿಂದ ಮುಂದಕ್ಕೆ ದೀಪಗಳಿಗೆ ಹೋಗುತ್ತದೆ. ನಡುವೆ ರಿಲೇ ಇರುವುದಿಲ್ಲ. ಎರಡು 55 ವ್ಯಾಟಿನ ಬಲ್ಬುಗಳು ಎಳೆಯುವ ಒಂಬತ್ತು ಆಂಪಿಯರಿನಷ್ಟು ಕರೆಂಟು ಪೂರ್ತಿಯಾಗಿ ಆ ಸ್ವಿಚ್ಚುಗಳ ಒಳಗಿನ ಹಿತ್ತಾಳೆ ತಗಡುಗಳ ಮೂಲಕವೇ ದಾಟಬೇಕು. ಕಾಲಡಿಯ ಸ್ವಿಚ್ಚಂತೂ ಮಳೆಗಾಲವಿಡೀ ಚಪ್ಪಲಿಯ ಕೆಸರು ಕುಡಿದಿರುತ್ತದೆ. ಒಳಗೆ ಹಸಿರು ಕಿಲುಬು ಕಟ್ಟಿದ ಕಡೆಯೆಲ್ಲ ಒಂದಷ್ಟು ವೋಲ್ಟೇಜು ಬಿಸಿಯಾಗಿ ಹೋಗುತ್ತದೆ.

ಹ್ಯಾಲೊಜೆನ್ ಬಲ್ಬಿಗೆ ಇದು ಸಣ್ಣ ನಷ್ಟವಲ್ಲ. ವೋಲ್ಟೇಜು ಇಳಿದ ಪ್ರಮಾಣದಲ್ಲೇ ಬೆಳಕು ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಕುಸಿಯುತ್ತದೆ. 13.2 ವೋಲ್ಟಿನಲ್ಲಿ ಪೂರ್ತಿ ಬೆಳಗುವ ಬಲ್ಬಿಗೆ 11.5 ವೋಲ್ಟ್ ಮಾತ್ರ ತಲುಪಿದರೆ ಬೆಳಕು ಮೂರನೇ ಒಂದರಷ್ಟಕ್ಕಿಂತ ಹೆಚ್ಚೇ ಹೋಗಿರುತ್ತದೆ. 11ಕ್ಕೆ ಇಳಿದರೆ ಉಳಿಯುವುದು ಅರ್ಧದ ಆಸುಪಾಸು. ದೀಪ ಕೆಂಪಗೆ ಕಾಣುವುದೂ ಇದಕ್ಕೇ. ಅಳೆಯುವ ಬಗೆ ಸುಲಭ. ಎಂಜಿನ್ ಚಾಲೂ ಇಟ್ಟು ಡಿಮ್ ಲೈಟ್ ಹಾಕಿ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಕಪ್ಪು ಕಡ್ಡಿ ಬಲ್ಬಿನ ಹೋಲ್ಡರಿನಲ್ಲಿ ಕರೆಂಟು ಬರುವ ಪಿನ್ನಿನ ಮೇಲೆ ಇಡಿ. ಬಲ್ಬು ಉರಿಯುತ್ತಲೇ ಇರಬೇಕು, ಕಳಚಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ಅರ್ಧ ವೋಲ್ಟಿನೊಳಗೆ ತೋರಿಸಿದರೆ ವೈರಿಂಗು ಆರೋಗ್ಯವಾಗಿದೆ. ಒಂದೂವರೆ, ಎರಡು ಎಂದು ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಬ್ಯಾಟರಿಯ ನೆಗೆಟಿವ್‌ನಿಂದ ಹೋಲ್ಡರಿನ ಅರ್ತ್ ಪಿನ್ನಿಗೂ ಇದೇ ಪರೀಕ್ಷೆ ಮಾಡಬೇಕು. ಮಲೆನಾಡಿನ ಗಾಡಿಗಳಲ್ಲಿ ತುಕ್ಕು ಹಿಡಿದ ಬಾಡಿ ಅರ್ತ್‌ನಲ್ಲೇ ಅರ್ಧ ಸಮಸ್ಯೆ ಅಡಗಿರುವುದುಂಟು. ಬೋಲ್ಟು ಬಿಚ್ಚಿ, ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹೊಸ ಲಗ್ ಹಾಕಿ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಆ ಕೆಲಸ ಮುಗಿಯಿತು.

ಪಾಸಿಟಿವ್ ಕಡೆಯ ನಷ್ಟಕ್ಕೆ ಮದ್ದು ರಿಲೇ. ಡಿಮ್ಮಿಗೊಂದು, ಬ್ರೈಟಿಗೊಂದು. ರಿಲೇಯ 30 ಎಂಬ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು, 87ರಿಂದ ದೀಪಕ್ಕೆ, 85 ಅರ್ತ್‌ಗೆ. ಮೊದಲು ದೀಪಕ್ಕೆ ಹೋಗುತ್ತಿದ್ದ ಹಳೇ ವೈರು ಈಗ 86ಕ್ಕೆ. ಅಲ್ಲಿಗೆ ಹಳೇ ಸ್ವಿಚ್ಚಿನ ಕೆಲಸ ರಿಲೇಯನ್ನು ಎಬ್ಬಿಸುವುದಷ್ಟೇ, ಭಾರ ಹೊರುವುದಲ್ಲ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು. ದೀಪದ ಹತ್ತಿರ ಹಾಕಿದರೆ ನಡುವಿನ ವೈರು ಎಲ್ಲಾದರೂ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಅದು ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಇಷ್ಟು ಮಾಡಿ, ಮಾಸಿದ ರಿಫ್ಲೆಕ್ಟರನ್ನು ಬದಲಿಸಿ, ಒಳ್ಳೆಯ 60/55 ವ್ಯಾಟಿನ ಎಚ್‌4 ಬಲ್ಬು ಹಾಕಿದರೆ ಎಷ್ಟೋ ಜನ ಎಲ್‌ಇಡಿಯ ಮಾತು ಅಲ್ಲಿಗೇ ಬಿಡುತ್ತಾರೆ. ನನ್ನ ಮಟ್ಟಿಗೆ ಅದು ಸೋಲಲ್ಲ, ಜಾಣತನ. ಆದರೆ 100/90 ವ್ಯಾಟಿನ ಬಲ್ಬು ಬೇಡ. ಅದು ಹೋಲ್ಡರನ್ನು ಕರಗಿಸುತ್ತದೆ, ರಿಫ್ಲೆಕ್ಟರಿನ ಬೆಳ್ಳಿಯನ್ನು ಸುಡುತ್ತದೆ, ರಸ್ತೆಯಲ್ಲಿ ಬಳಸಲು ಅನುಮತಿಯೂ ಇಲ್ಲ.

ಇನ್ನು ಎಲ್‌ಇಡಿ. ಎರಡು ದಾರಿಗಳಿವೆ: ಹಳೇ ಗಾಜಿನ ದೀಪವನ್ನು ಹಾಗೇ ಇಟ್ಟುಕೊಂಡು ಒಳಗಿನ ಬಲ್ಬನ್ನು ಮಾತ್ರ ಎಲ್‌ಇಡಿ ಮಾಡುವುದು, ಇಲ್ಲವೇ ಇಡೀ ದೀಪವನ್ನೇ ಬದಲಿಸುವುದು. ಮೊದಲನೆಯದು ಅಗ್ಗ, ಹತ್ತು ನಿಮಿಷದ ಕೆಲಸ. ಎದುರಿನವರ ಶಾಪಕ್ಕೆ ಗುರಿಯಾಗುವ ದೀಪಗಳಲ್ಲಿ ಬಹುಪಾಲು ಇವೇ.

ಯಾಕೆಂದು ತಿಳಿಯಲು ಎಚ್‌4 ಬಲ್ಬೊಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಕು. ಒಳಗೆ ಅಕ್ಕಿ ಕಾಳಿಗಿಂತ ತೆಳ್ಳಗಿನ ಎರಡು ಸುರುಳಿಗಳಿವೆ. ಹಿಂದಿನದು ಬ್ರೈಟಿನದು, ರಿಫ್ಲೆಕ್ಟರಿನ ಕೇಂದ್ರಬಿಂದುವಿನಲ್ಲಿ ಕೂತಿರುತ್ತದೆ. ಮುಂದಿನದು ಡಿಮ್ಮಿನದು, ಕೇಂದ್ರದಿಂದ ತುಸು ಮುಂದಕ್ಕಿದೆ, ಅದರ ಅಡಿಯಲ್ಲಿ ಲೋಹದ ಪುಟ್ಟ ಬಟ್ಟಲೊಂದಿದೆ. ಆ ಬಟ್ಟಲು ಕೆಳಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ, ಹಾಗಾಗಿ ಡಿಮ್ಮಿನಲ್ಲಿ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡುತ್ತದೆ. ಮೇಲರ್ಧಕ್ಕೆ ಬಡಿದ ಬೆಳಕು ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಗೋಡೆಗೆ ದೀಪ ಬಿಟ್ಟಾಗ ಮೇಲೆ ಕತ್ತಲು, ಕೆಳಗೆ ಬೆಳಕು ಎಂದು ಗೆರೆ ಎಳೆದಂತೆ ಕಾಣುವುದು ಆ ಬಟ್ಟಲಿನ ಅಂಚಿನ ಕೃಪೆ. ಸುರುಳಿ ಒಂದು ಮಿಲಿಮೀಟರು ಆಚೀಚೆ ಆದರೂ ಗೆರೆ ಕಲಸಿಹೋಗುತ್ತದೆ.

ಎಲ್‌ಇಡಿ ಬಲ್ಬಿನಲ್ಲಿ ಸುರುಳಿ ಇಲ್ಲ. ಲೋಹದ ಪಟ್ಟಿಯ ಎರಡು ಮುಖಗಳ ಮೇಲೆ ಚಪ್ಪಟೆ ಚಿಪ್ಪುಗಳನ್ನು ಕೂರಿಸಿರುತ್ತಾರೆ. ಸುರುಳಿ ಸುತ್ತಲೂ ಬೆಳಕು ಚೆಲ್ಲುತ್ತದೆ, ಚಿಪ್ಪು ತನ್ನ ಎದುರಿಗೆ ಮಾತ್ರ. ಶಾಖ ಹೋಗಲು ಪಟ್ಟಿ ದಪ್ಪಗಿದ್ದರೆ ಎರಡೂ ಬದಿಯ ಚಿಪ್ಪುಗಳು ಕೇಂದ್ರದಿಂದ ದೂರ ಸರಿಯುತ್ತವೆ. ಬಟ್ಟಲು ಇದ್ದರೂ ಅಳತೆ ಸರಿ ಇರುವುದು ಅಪರೂಪ. ಒಳ್ಳೆಯ ಕಂಪನಿಗಳು ಪಟ್ಟಿಯನ್ನು ತೆಳುವಾಗಿಸಿ, ಚಿಪ್ಪಿನ ಜಾಗವನ್ನು ಸುರುಳಿಯ ಜಾಗಕ್ಕೆ ಸರಿಹೊಂದಿಸಿ ಪರವಾಗಿಲ್ಲ ಎನ್ನುವಂಥ ಬಲ್ಬು ಮಾಡಿವೆ. ಅಂಥದ್ದನ್ನು ಹಾಕುವುದಾದರೆ ಚಿಪ್ಪುಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರುವಂತೆ ಕಾಲರ್ ತಿರುಗಿಸಬೇಕು, ಮೇಲೆ ಕೆಳಗೆ ಅಲ್ಲ. ಆದರೂ ಒಂದು ರಿಫ್ಲೆಕ್ಟರಿಗೆ ಹೊಂದಿದ ಬಲ್ಬು ಇನ್ನೊಂದಕ್ಕೆ ಹೊಂದುತ್ತದೆ ಎನ್ನುವಂತಿಲ್ಲ. ಜರ್ಮನಿಯಲ್ಲಿ 2020ರಲ್ಲಿ ಮೊದಲ ಬಾರಿ ಎಲ್‌ಇಡಿ ಬದಲಿ ಬಲ್ಬಿಗೆ ರಸ್ತೆ ಬಳಕೆಯ ಅನುಮತಿ ಸಿಕ್ಕಾಗಲೂ ಅದು ಎಲ್ಲ ಕಾರುಗಳಿಗಲ್ಲ, ಪಟ್ಟಿಯಲ್ಲಿದ್ದ ಮಾದರಿಗಳಿಗೆ ಮಾತ್ರ ಸಿಕ್ಕಿತು. ಇನ್ನು ಹಿಂಭಾಗದಲ್ಲಿ ಪುಟ್ಟ ಫ್ಯಾನ್ ಇರುವ ಬಲ್ಬುಗಳು ತೋಟದ ಧೂಳು ಕೆಸರಿನಲ್ಲಿ ಬಾಳುವುದು ಅನುಮಾನ. ಫ್ಯಾನು ನಿಂತ ಮೇಲೆ ಚಿಪ್ಪು ಕಾದು, ಮಂಕಾಗಿ, ಕೊನೆಗೆ ಸಾಯುತ್ತದೆ.

ಹಾಗಾಗಿ ಎಲ್‌ಇಡಿಯೇ ಬೇಕು ಎಂದರೆ ಇಡೀ ದೀಪವನ್ನು ಬದಲಿಸುವುದು ಸರಿ. ಅಲ್ಲಿ ಚಿಪ್ಪು, ಲೆನ್ಸು, ರಿಫ್ಲೆಕ್ಟರು ಒಂದಕ್ಕೊಂದು ಅಳತೆ ಕೊಟ್ಟು ಮಾಡಿದವು. ಇದರಿಂದ ಜೀಪಿಗೆ ನಿಜವಾದ ಲಾಭಗಳಿವೆ. ಕಲ್ಲು ರಸ್ತೆಯ ಅದುರಿಗೆ ಕಡಿದುಹೋಗುವ ಸುರುಳಿ ಇಲ್ಲ. ಒಂದು ದೀಪ ಸುಮಾರು 30 ವ್ಯಾಟ್ ಎಳೆದರೂ ಎರಡೂ ಸೇರಿ ಐದು ಆಂಪಿಯರಷ್ಟೇ, ಹಳೇ ಡೈನಮೊ ಇರುವ ಗಾಡಿಗೆ ಅದೇ ದೊಡ್ಡ ಉಪಕಾರ. ಒಳಗಿನ ಡ್ರೈವರ್ ಎಂಬ ಸರ್ಕ್ಯೂಟು ವೋಲ್ಟೇಜು ಏರಿಳಿದರೂ ಬೆಳಕನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. ಆ ಸರ್ಕ್ಯೂಟಿಗೆ ಒಂದೇ ಶತ್ರು, ಹಠಾತ್ತನೆ ನುಗ್ಗುವ ವೋಲ್ಟೇಜು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚುವ ಅಭ್ಯಾಸ ಇದ್ದರೆ ಇವತ್ತೇ ಬಿಡಬೇಕು.

ಅಂಗಡಿಯಲ್ಲಿ ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ನಂಬಬೇಡಿ. 20,000 ಎಂದು ಬರೆದಿದ್ದರೆ ಪಕ್ಕದಲ್ಲಿ ವ್ಯಾಟ್ ಎಷ್ಟು ನೋಡಿ. ಇಂಥ ದೀಪಗಳಲ್ಲಿ ವ್ಯಾಟಿಗೆ ನೂರರ ಆಸುಪಾಸು ಲ್ಯೂಮೆನ್ ಸಿಕ್ಕರೆ ದೊಡ್ಡದು, ಅಂದರೆ 30 ವ್ಯಾಟಿಗೆ 3,000. ಹಾಗೆ ನೋಡಿದರೆ ಎಚ್‌4 ಬಲ್ಬಿನ ಡಿಮ್ ಲೈಟಿನದು ಸುಮಾರು 1,000, ಬ್ರೈಟಿನದು 1,650 ಲ್ಯೂಮೆನ್. ಅಷ್ಟರಲ್ಲೇ ಲಕ್ಷಾಂತರ ಜನ ರಾತ್ರಿ ಘಾಟಿ ಇಳಿದಿದ್ದಾರೆ.

ಡಬ್ಬಿ ಬಿಟ್ಟು ಲೆನ್ಸಿನ ಮೇಲೆ ಏನು ಅಚ್ಚೊತ್ತಿದೆ ಅದನ್ನು ಓದಬೇಕು. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲೊಂದು ಸಂಖ್ಯೆ ಇದ್ದರೆ ಅದು ವಿಶ್ವಸಂಸ್ಥೆಯ ನಿಯಮಾವಳಿಯಂತೆ ಪರೀಕ್ಷೆಯಾದ ದೀಪ. ಸಂಖ್ಯೆ ಅನುಮತಿ ಕೊಟ್ಟ ದೇಶದ್ದು. ಅದರ ಹತ್ತಿರ ಬಾಣದ ಗುರುತೊಂದನ್ನು ಹುಡುಕಿ. ದೀಪಕ್ಕೆ ಎದುರಾಗಿ ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ಎಡಬದಿಯಲ್ಲಿ ಸಂಚರಿಸುವ ದೇಶಗಳಿಗೆ, ಅಂದರೆ ನಮಗೆ ಮಾಡಿದ್ದು. ಎರಡೂ ಕಡೆ ತುದಿಯಿರುವ ಬಾಣವಾದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಬಲಬದಿಯಲ್ಲಿ ಓಡುವ ದೇಶಗಳದ್ದು. ಈ ಸಣ್ಣ ಬಾಣಕ್ಕೆ ಯಾಕಿಷ್ಟು ಮಹತ್ವ ಅಂದರೆ, ಡಿಮ್ ಲೈಟಿನ ಗೆರೆ ಎರಡೂ ಕಡೆ ಒಂದೇ ಮಟ್ಟದಲ್ಲಿ ಇರುವುದಿಲ್ಲ. ರಸ್ತೆಯ ಅಂಚಿನಲ್ಲಿ ನಡೆಯುವವರು, ಚರಂಡಿ, ಮೈಲಿಗಲ್ಲು ಕಾಣಲೆಂದು ಅಂಚಿನ ಕಡೆ ಗೆರೆ ಮೇಲಕ್ಕೆ ಏರುತ್ತದೆ. ನಮ್ಮಲ್ಲಿ ಅದು ಎಡಕ್ಕೆ ಏರಬೇಕು. ರ‍್ಯಾಂಗ್ಲರ್ ಜೀಪಿಗೆಂದು ಮಾಡಿದ ಅಮೆರಿಕದ ಮಾರುಕಟ್ಟೆಯ ದೀಪ ನಮ್ಮ ಜೀಪಿನಲ್ಲಿ ಕೂತರೆ ಬಲಗಡೆಗೇ ಹೆಚ್ಚು ಬೆಳಕು ಎಸೆಯುತ್ತದೆ, ನೇರವಾಗಿ ಎದುರು ಬರುವ ಬಸ್ಸಿನ ಡ್ರೈವರನ ಕಣ್ಣಿಗೆ. ಎಷ್ಟೇ ಕೆಳಗಿಳಿಸಿ ಹೊಂದಿಸಿದರೂ ಈ ದೋಷ ಹೋಗದು. ಮೊದಲೇ ಹೇಳಿದ ರಾಶಿಯಲ್ಲಿ ಇಂಥವೇ ತುಂಬಿವೆ.

ಬಣ್ಣದ ವಿಷಯದಲ್ಲಿ ಅಂಗಡಿಯವರ ಒಲವು ಒಂದು ಕಡೆ, ಮಲೆನಾಡಿನ ರಸ್ತೆಯ ಅಗತ್ಯ ಇನ್ನೊಂದು ಕಡೆ. ಬಿಳಿ ಎಲ್‌ಇಡಿಯಲ್ಲಿ ನಿಜವಾಗಿ ಇರುವುದು ನೀಲಿ ಚಿಪ್ಪು. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ನೀಲಿಯ ಒಂದಷ್ಟನ್ನು ಬದಲಿಸಿ ಬಿಳಿಯಾಗಿ ತೋರಿಸುತ್ತದೆ. 6,000, 6,500 ಕೆಲ್ವಿನ್ ಎಂದರೆ ನೀಲಿ ಹೆಚ್ಚು ಉಳಿದಿದೆ ಎಂದರ್ಥ. ಶೋರೂಮಿನಲ್ಲಿ ಅದು ಚೆಂದ. ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಅದೇ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಒದ್ದೆ ಡಾಂಬರು ಮತ್ತು ಕೆಮ್ಮಣ್ಣಿನ ಅಂಚು ಬೇರೆಬೇರೆಯಾಗಿ ಕಾಣುವುದೂ ಕಷ್ಟ. 4,300ರಿಂದ 5,000 ಕೆಲ್ವಿನ್ ನಡುವಿನದು ಸಿಕ್ಕರೆ ಅದನ್ನೇ ಆರಿಸಿ. ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತದೆ ಎಂಬ ಮಾತಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಅವು ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ರೀತಿ ಚೆದುರಿಸುತ್ತವೆ. ಹಳದಿಯಿಂದ ಆಗುವ ಲಾಭ ಕಣ್ಣಿಗೆ ಚುಚ್ಚು ಕಡಿಮೆ ಎನ್ನುವಷ್ಟೇ. ಫ್ರಾನ್ಸಿನಲ್ಲಿ ಕಾರುಗಳಿಗೆ ಹಳದಿ ಹೆಡ್‌ಲೈಟೇ ಇರಬೇಕೆಂಬ ನಿಯಮ 1993ರವರೆಗೂ ಇತ್ತು, ಆಮೇಲೆ ಅದನ್ನು ಕೈಬಿಟ್ಟರು. ಮಂಜಿನಲ್ಲಿ ಕೆಲಸ ಮಾಡುವುದು ದೀಪದ ಎತ್ತರ. ಬಂಪರಿನ ಮಟ್ಟದಲ್ಲಿ, ಅಗಲವಾಗಿ, ಕೆಳಕ್ಕೆ ಬೀಳುವ ಫಾಗ್ ಲ್ಯಾಂಪು ಇದ್ದರೆ ನಿಮ್ಮ ಕಣ್ಣಿನ ನೇರಕ್ಕೆ ಬೆಳ್ಳನೆಯ ಪರದೆ ಏಳುವುದಿಲ್ಲ. ಎಲ್‌ಇಡಿ ಹೆಡ್‌ಲೈಟಿನ ದುಡ್ಡಿನಲ್ಲಿ ಒಂದು ಭಾಗವನ್ನು ಆ ಜೋಡಿಗೆ ಎತ್ತಿಡುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ. ಹ್ಯಾಲೊಜೆನ್ ದೀಪದ ಗಾಜು ಬಿಸಿಯಾಗುತ್ತದೆ, ಒಳಗಿನ ತೇವ ಆರುತ್ತದೆ. ಎಲ್‌ಇಡಿಯ ಶಾಖ ಹಿಂಭಾಗದ ಲೋಹದ ರೆಕ್ಕೆಗಳಿಗೆ ಹೋಗುತ್ತದೆ, ಮುಂದಿನ ಲೆನ್ಸು ತಣ್ಣಗೇ ಇರುತ್ತದೆ. ಹಳ್ಳ ದಾಟುವ ಗಾಡಿಯಲ್ಲಿ ಒಮ್ಮೆ ಒಳಗೆ ಹಬೆ ಕಟ್ಟಿದರೆ ಸುಲಭಕ್ಕೆ ಹೋಗದು. ಆದ್ದರಿಂದ ನೀರು ನಿರೋಧದ ದರ್ಜೆ ಐಪಿ67 ಇರಲಿ. ಲೆನ್ಸು ಪಾಲಿಕಾರ್ಬನೇಟಿನದಾದರೆ ಒಣಗಿದ ಕೆಸರನ್ನು ಬಟ್ಟೆಯಿಂದ ಉಜ್ಜಬೇಡಿ, ನೀರು ಹೊಯ್ದು ತೊಳೆಯಿರಿ. ಗೀರು ಬಿದ್ದ ಲೆನ್ಸು ಬೆಳಕನ್ನು ದಿಕ್ಕಾಪಾಲಾಗಿಸುತ್ತದೆ.

ಕೂರಿಸುವ ಕೆಲಸ ಕಷ್ಟವಿಲ್ಲ, ತಾಳ್ಮೆ ಬೇಕು. ದೀಪದ ಸುತ್ತ ಎರಡು ಬಗೆಯ ಸ್ಕ್ರೂಗಳಿವೆ. ಉಂಗುರವನ್ನು ಹಿಡಿದಿರುವ ಸಣ್ಣ ಸ್ಕ್ರೂಗಳನ್ನು ಮಾತ್ರ ಬಿಚ್ಚಬೇಕು. ಸ್ಪ್ರಿಂಗಿನ ಜೊತೆ ಮೇಲೊಂದು, ಪಕ್ಕಕ್ಕೊಂದು ಇರುವ ಉದ್ದನೆಯವು ದಿಕ್ಕು ಹೊಂದಿಸುವಂಥವು. ಅವುಗಳ ಸರದಿ ಆಮೇಲೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ, ಇಲ್ಲದಿದ್ದರೆ ಸ್ಕ್ರೂವಿನ ತಲೆ ಸವೆದು ಡ್ರಿಲ್ ಹಿಡಿಯಬೇಕಾದೀತು. ಹೊಸ ದೀಪದ ಬೆನ್ನಿನ ರೆಕ್ಕೆಗಳು ಹಿಂದಿನ ಬೋಗುಣಿಗೆ ತಾಗುತ್ತವೆಯೇ ಎಂದು ವೈರು ಜೋಡಿಸುವ ಮೊದಲೇ ಇಟ್ಟು ನೋಡಿ. ಮಿಲಿಟರಿ ಹರಾಜಿನಲ್ಲಿ ಬಂದ ಗಾಡಿಯಾದರೆ 24 ವೋಲ್ಟ್ ಇರಬಹುದು, ಅಳೆದು ಖಚಿತ ಮಾಡಿಕೊಳ್ಳಿ. ಜಪಾನಿ ಮೂಲದ ಹಲವು ಹಳೇ ಗಾಡಿಗಳಲ್ಲಿ ಮತ್ತೊಂದು ಕೊಕ್ಕೆ ಇದೆ: ಹೋಲ್ಡರಿನ ಸಾಮಾನ್ಯ ಪಿನ್ನಿಗೆ ಪಾಸಿಟಿವ್ ಬರುತ್ತದೆ, ಡಿಮ್ ಬ್ರೈಟ್ ಸ್ವಿಚ್ಚು ಅರ್ತನ್ನು ಜೋಡಿಸುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಯಾವ ಕಡೆಯಿಂದ ಕರೆಂಟು ಬಂದರೂ ಒಂದೇ, ಎಲ್‌ಇಡಿಗೆ ಹಾಗಲ್ಲ. ಹಾಕಿದ ದೀಪ ಉರಿಯದಿದ್ದರೆ, ಅಥವಾ ಡಿಮ್ಮು ಬ್ರೈಟು ಎರಡೂ ಮಂಕಾಗಿ ಒಟ್ಟಿಗೆ ಹತ್ತಿದರೆ ದೀಪ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಆ ಪಿನ್ನನ್ನು ಅಳೆಯಿರಿ. 85ನ್ನು ಅರ್ತ್‌ಗೆ ಬದಲು ಈ ಪಾಸಿಟಿವ್‌ಗೆ ಕೊಟ್ಟು ರಿಲೇ ಜೋಡಿಸಿದರೆ ಈ ತೊಡಕೂ ಬಗೆಹರಿಯುತ್ತದೆ.

ದೀಪ ಹೊಂದಿಸದೆ ಗ್ಯಾರೇಜಿನಿಂದ ಹೊರಡಬಾರದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ನೆಲದಿಂದ ದೀಪದ ನಡುವಿನವರೆಗೆ ಅಳೆದು, ಅದೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ, ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು. ಡಿಮ್ ಲೈಟಿನ ಅಂಚು ಈ ಕೆಳಗಿನ ಗೆರೆಯ ಮೇಲೆ ಕೂರಬೇಕು, ಎಡಕ್ಕೆ ಏರುವ ಮೂಲೆ ಆಯಾ ದೀಪದ ನೇರಕ್ಕೆ ಶುರುವಾಗಬೇಕು. ಒಂದು ದೀಪಕ್ಕೆ ಗೋಣಿ ಮುಚ್ಚಿ ಇನ್ನೊಂದನ್ನು ಹೊಂದಿಸಿದರೆ ಗೊಂದಲವಿಲ್ಲ. ಲೆಕ್ಕ ಹೀಗೆ: 90 ಸೆಂಟಿಮೀಟರ್ ಎತ್ತರದ ದೀಪ 10 ಮೀಟರಿಗೆ 10 ಸೆಂಟಿಮೀಟರಿನಂತೆ ಇಳಿದರೆ 90 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ.

ಜೀಪಿನ ಹಿಂದೆ ಕಾಫಿ ಮೂಟೆ ಹೇರಿದಾಗ ಈ ಲೆಕ್ಕ ಬುಡಮೇಲಾಗುತ್ತದೆ. ಚಕ್ರಗಳ ನಡುವೆ ಎರಡು, ಎರಡೂವರೆ ಮೀಟರ್ ಅಂತರವಿರುವ ಗಾಡಿಯ ಹಿಂಭಾಗ ಐದು ಸೆಂಟಿಮೀಟರ್ ಕುಸಿದರೆ ಮೂತಿ ಶೇಕಡಾ ಎರಡರಷ್ಟಾದರೂ ಮೇಲೇಳುತ್ತದೆ. ನೀವು ಕಷ್ಟಪಟ್ಟು ಇಳಿಸಿದ್ದು ಶೇಕಡಾ ಒಂದು. ಅಲ್ಲಿಗೆ ಡಿಮ್ಮೂ ಬ್ರೈಟಿನಂತೆಯೇ ಎದುರಿನವರ ಮುಖಕ್ಕೆ ಹೊಡೆಯುತ್ತದೆ. ದಿನಾ ಮಾಲು ಹೇರುವ ಗಾಡಿಯಾದರೆ ಮಾಲು ಹೇರಿಯೇ ದೀಪ ಹೊಂದಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ರಾಜ್ಯದಾದ್ಯಂತ ಕೇಸು ಹಾಕತೊಡಗಿದರು. ಪರೀಕ್ಷೆಯಾದ, ಸರಿಯಾಗಿ ಹೊಂದಿಸಿದ ದೀಪ ರಸ್ತೆಯಲ್ಲಿ ಯಾರಿಗೂ ತೊಂದರೆ ಕೊಡದಿದ್ದರೂ ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರು ಒಪ್ಪಿಯೇ ತೀರುತ್ತಾರೆ ಎನ್ನುವಂತಿಲ್ಲ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಂಡರೆ ಕ್ಷೇಮ. ಬಾನೆಟ್ಟಿನ ಮೇಲೆ ಕಟ್ಟುವ ಉದ್ದನೆಯ ಲೈಟ್ ಬಾರ್‌ಗಳನ್ನು ತೋಟದೊಳಗೆ ಬೇಕಾದರೆ ಉರಿಸಿಕೊಳ್ಳಿ, ಡಾಂಬರು ಹತ್ತಿದ ಮೇಲೆ ಕವರ್ ಹಾಕಿ.

ಹೊಸ ದೀಪ ಹಾಕುವಾಗ ಹಳೇ ಹೋಲ್ಡರನ್ನು ಕತ್ತರಿಸಬೇಡಿ. ಹೊಸದರ ಪಿನ್ನು ಅದಕ್ಕೇ ಚುಚ್ಚುವಂಥದ್ದನ್ನು ಕೊಳ್ಳಿ, ಬಿಚ್ಚಿದ ಗಾಜಿನ ದೀಪಗಳನ್ನು ಬಟ್ಟೆ ಸುತ್ತಿ ಸೀಟಿನಡಿ ಇಡಿ. ಎಲ್‌ಇಡಿ ದೀಪದ ಡ್ರೈವರ್ ಸುಟ್ಟರೆ ದಾರಿಯಲ್ಲಿ ರಿಪೇರಿ ಸಾಧ್ಯವಿಲ್ಲ. ಎಚ್‌4 ಬಲ್ಬು ಬಣಕಲ್‌ನಂಥ ಸಣ್ಣ ಪೇಟೆಯಲ್ಲೂ ಸಿಕ್ಕೀತು, ಒಂದು ಸ್ಕ್ರೂಡ್ರೈವರ್ ಇದ್ದರೆ ಕಾಲು ಗಂಟೆಯಲ್ಲಿ ಹಾಕಿಕೊಂಡು ಮನೆ ಸೇರಬಹುದು. ಕಲ್ಲು ರಸ್ತೆಯಲ್ಲಿ ನಾಲ್ಕು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಅದೇ ಗೋಡೆಯ ಮುಂದೆ ನಿಲ್ಲಿಸಿ ನೋಡಿ. ಹೊಸದಾಗಿ ಬಿಗಿದ ಸ್ಕ್ರೂಗಳು ಒಂದು ಸುತ್ತಾದರೂ ಸಡಿಲವಾಗಿರುತ್ತವೆ.